ಕ್ಯಾಪ್ಟನ್ ಕೀಲಿಕೈ ಮರೆತನೆ?

ಮಾವಿನಹಕ್ಲು, ರಿಪ್ಪನ್‌ಪೇಟೆ ಅಂಚೆ,
ಹೊಸನಗರ ತಾಲ್ಲೂಕು.
14-2-1967, ಮಂಗಳವಾರ

ಪ್ರೀತಿಯ ಮಗಳು ಶರಾವತಿಗೆ ನಿನ್ನ ಅಪ್ಪ ಕೆರಿಯಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಮೊದಲು ನಿನ್ನ ಕೈಯ ವಿಷಯ ಬರೆ. ಇಂಗ್ಲೆಂಡಿನ ಚಳಿಗೆ ಬೆರಳ ಸಂದಿ ಒಡೆದು ರಕ್ತ ಬರುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ದಿನದಿಂದ ನಿನ್ನ ಅವ್ವ ನನ್ನ ಬೆನ್ನು ಹತ್ತಿದ್ದಾಳೆ. 'ಮುರುಗಲು ತುಪ್ಪ ಕಳ್ಸಿ, ಆ ಆಸ್ಪತ್ರೆ ಡಾಕ್ಟ್ರಿಗೆ ಏನು ಗೊತ್ತಾಗ್ತದೆ' ಎನ್ನುತ್ತಾಳೆ. ಒಂದು ಡಬ್ಬಿ ತುಪ್ಪ ತೆಗೆದುಕೊಂಡು ಅಂಚೆ ಕಚೇರಿಗೆ ಹೋಗಿದ್ದೂ ಆಯಿತು. ದಾರಿಯಲ್ಲಿ ಕರಗಿ ಊರವರ ಕಾಗದಕ್ಕೆಲ್ಲ ಜಿಡ್ಡು ಹತ್ತುತ್ತದೆ ಎಂದು ಅವರು ತೆಗೆದುಕೊಳ್ಳಲಿಲ್ಲ. ನಾವೆಲ್ಲ ಕ್ಷೇಮ. ಅವ್ವನ ಮಂಡಿನೋವು ಇದ್ದಲ್ಲೇ ಇದೆ. ಗೌರಿ ಕರು ಹಾಕಿದೆ, ಹೆಣ್ಣುಗರು. ಕೊಯ್ಲು, ಒಕ್ಕಣೆ ಎರಡೂ ಮುಗಿದವು. ಪಕ್ಕದ ಊರಿನಲ್ಲಿ ಆಲೆಮನೆ ಶುರುವಾಗಿದೆ. ಒಂದು ಲೋಟ ಕಬ್ಬಿನ ಹಾಲು ಕುಡಿದೆ, ನಿನ್ನ ನೆನಪಾಗಿ ಎರಡನೆಯ ಲೋಟವನ್ನು ನಿನ್ನ ಹೆಸರಿನಲ್ಲಿ ಕುಡಿದೆ. ಮೂರನೆಯದು ಯಾರ ಹೆಸರಿನಲ್ಲಿ ಎಂದು ಅವ್ವ ಕೇಳಿದಳು.

ಇನ್ನು ನಿನ್ನ ಕತೆಯ ವಿಷಯ. ನಿಮ್ಮ ನರ್ಸುಗಳ ಹಾಸ್ಟೆಲಿನಲ್ಲಿ ಇಟ್ಟಿರುವ ಟೆಲಿವಿಷನ್ ಪೆಟ್ಟಿಗೆಯಲ್ಲಿ ಶನಿವಾರ ಶನಿವಾರ ಬರುವ 'ದೂರದ ಠಾಣೆ' ಎಂಬ ಕತೆಯನ್ನು ನೀನು ಬರೆಯಲು ಶುರು ಮಾಡಿದ್ದು ಅವ್ವನಿಗೆ ಹೊತ್ತು ಹೋಗಲಿ ಎಂದು. ಅದೀಗ ಇಡೀ ಊರಿನ ಹೊತ್ತು ತಿನ್ನುತ್ತಿದೆ. ನಿನ್ನ ಕಾಗದ ಬಂದ ಸುದ್ದಿ ನನಗಿಂತ ಮೊದಲು ನಮ್ಮ ಒಡೆಯರು ಹೆಗಡೇರಿಗೆ ಮುಟ್ಟುತ್ತದೆ. 'ಕೆರಿಯಪ್ಪಾ, ಕೂಸಿನ ಕಾಗದ ಬಂತಡ, ಓದ ಮಾರಾಯಾ' ಎಂದು ಆಳು ಕಳಿಸುತ್ತಾರೆ. ನಾನು ಅವರ ಜಗುಲಿಯಲ್ಲಿ ಕೂತು, ಮನೆಯ ಮಾತು ಬಂದಲ್ಲಿ ಹಾರಿಸಿ, ಕತೆ ಬಂದಲ್ಲಿ ಗಂಟಲು ಸರಿಮಾಡಿಕೊಂಡು ಓದಬೇಕು. ಹೆಗಡೇರು ಎಲೆಯಡಿಕೆಯ ಕವಳದ ತಟ್ಟೆ ಮುಂದಿಟ್ಟುಕೊಂಡು ಕೇಳುತ್ತಾರೆ. ಒಳಬಾಗಿಲಿನ ಹಿಂದೆ ಅವರ ಹೆಂಡತಿ ಮಹಾಲಕ್ಷ್ಮಮ್ಮ. ಅಂಗಳದಲ್ಲಿ ಉಳಿದವರು. ಐದು ತಿಂಗಳಿಂದ ಇದೇ ನಡೆದಿದೆ.

ನಾನು ತಿಳಿದುಕೊಂಡದ್ದು ಸರಿಯೇ ನೋಡು. ಆಕಾಶದಲ್ಲಿ ಹೋಗುವ ಒಂದು ಹಡಗು. ಅದಕ್ಕೆ ದಣಿ ಕ್ಯಾಪ್ಟನ್ ಮಾರ್ಡನ್. ಅವನ ಕೈಕೆಳಗೆ ಎಲ್ವಿನ್. ಈ ಎಲ್ವಿನ್ ಅನಾಥ. ಒಡೆದುಹೋದ ಬೇರೊಂದು ಹಡಗಿನೊಳಗೆ ಅಳುತ್ತಿದ್ದ ಕೂಸನ್ನು ಕ್ಯಾಪ್ಟನ್ ಎತ್ತಿಕೊಂಡು ಬಂದು ಸಾಕಿ, ಓದಿಸಿ, ತನ್ನ ಬಲಗೈ ಮಾಡಿಕೊಂಡ. ಹಡಗು ಯಾವುದೋ ಬೇರೆ ಲೋಕದಲ್ಲಿ ಇಳಿಯಿತು. ಅಲ್ಲಿ ಸೂಮರು ಎಂಬ ಜನ, ನೀಲಿ ಮೈ, ಕೈಗೆ ಆರು ಬೆರಳು, ಎಂಥದೋ ಬೆಳೆ ಬೆಳೆದುಕೊಂಡು ಅವರ ಪಾಡಿಗೆ ಅವರಿದ್ದಾರೆ. ಅವರ ಗದ್ದೆಯ ಅಡಿಯಲ್ಲಿ ಹಡಗಿಗೆ ಬೇಕಾದ ಕಲ್ಲು ಇದೆ. ಬಾವುಟ ಮೊದಲು ನೆಟ್ಟವರು ನಾವು, ಆದ್ದರಿಂದ ನೆಲ ನಮ್ಮದು ಎನ್ನುತ್ತಾನೆ ಕ್ಯಾಪ್ಟನ್. ಎಲ್ವಿನ್ ಸೂಮರ ಮನೆಯಲ್ಲಿ ಉಂಡು, ಅವರ ಕೂಡ ಒಪ್ಪಂದ ಮಾಡಿಕೊಂಡು, ಹನ್ನೆರಡು ಜನರನ್ನು ಕಟ್ಟಿಕೊಂಡು, ಹಡಗಿನ ಹೊಟ್ಟೆಯಲ್ಲಿದ್ದ ಸಣ್ಣ ದೋಣಿ ಹತ್ತಿ ಹೊರಟೇಬಿಟ್ಟ. ಈಗ ಇಬ್ಬರೂ ಹೊಳೆಯ ಆಚೆ ದಡ ಈಚೆ ದಡದಲ್ಲಿ ಕೋವಿ ಹಿಡಿದು ನಿಂತಿದ್ದಾರೆ. ಇಷ್ಟಕ್ಕೆ ನಿಲ್ಲಿಸಿ ನೀನು, ಮುಂದಿನ ಶನಿವಾರಗಳಲ್ಲಿ ನನಗೆ ರಾತ್ರಿ ಪಾಳಿ, ಕೊನೆಯದನ್ನು ನೋಡಲು ಆಗುವುದಿಲ್ಲ, ಯಾರನ್ನಾದರೂ ಕೇಳಿ ಬರೆಯುತ್ತೇನೆ ಎಂದು ಸಹಿ ಹಾಕಿದ್ದಿ. ಊರವರು ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು, ಕೊನೆಯ ಪುಟವನ್ನು ನಾನೇ ನುಂಗಿದೆನೋ ಎಂಬಂತೆ.

ನಮಗೆ ಸಂಶಯಗಳು ಬಹಳ. ಪೆಟ್ಟಿಗೆಯಲ್ಲಿ ಬಣ್ಣವೇ ಇಲ್ಲ, ಎಲ್ಲ ಕಪ್ಪು ಬಿಳಿ ಎಂದು ನೀನೇ ಬರೆದಿದ್ದಿ. ಹಾಗಾದರೆ ಅವರು ನೀಲಿ ಎಂದು ನಿನಗೆ ಹೇಗೆ ಗೊತ್ತಾಯಿತು? ಮಹಾಲಕ್ಷ್ಮಮ್ಮನವರ ಪ್ರಶ್ನೆ ಬೇರೆ. 'ಅಲ್ಲಿ ಉಂಡ್ಕಂಡು ಬಂದಂವ ಮಿಂದನಾ ಇಲ್ಲೆಯಾ' ಎಂದು ಬಾಗಿಲ ಹಿಂದಿನಿಂದ ಕೇಳಿದರು. ನನ್ನ ತಲೆ ತಿನ್ನುತ್ತಿರುವುದು ಮಾತ್ರ ಕೀಲಿಕೈ. ಆ ಸಣ್ಣ ದೋಣಿಯ ಕೀಲಿಕೈ ದೋಣಿಯಲ್ಲೇ ಇತ್ತು, ಎಲ್ವಿನ್ ತಿರುಗಿಸಿದ, ಹೊರಟ ಎಂದು ಬರೆದಿದ್ದಿ. ಅದೇ ಕಾಗದದ ಹಿಂದಿನ ಪುಟದಲ್ಲಿ, ಕ್ಯಾಪ್ಟನ್ ಎಂಥವನೆಂದರೆ ಹಡಗಿನ ಕೀಲಿಕೈಗಳನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡೇ ಮಲಗುವವನು ಎಂದೂ ಬರೆದಿದ್ದಿ. ಅಂಥವನು ಅದೊಂದನ್ನು ಅಲ್ಲಿ ಯಾಕೆ ಬಿಟ್ಟ? ಮರೆತನೆ? ನಿನ್ನ ಚಿಕ್ಕಪ್ಪ ಜಯಪ್ಪ, 'ಕುಡ್ದು ಮರ್ತಿದ್ದ ಅಷ್ಟೇಯ, ಸಾವ್ಕಾರ್ರು ಮರೆಯದೇ ಹಂಗೆ' ಎಂದು ತೀರ್ಪು ಕೊಟ್ಟ. ಹೆಗಡೇರು, 'ಅದು ಕತೆ ಬರ್ದವನ ಎಡವಟ್ಟು ಮಾರಾಯಾ, ಮತ್ತೆಂತದೂ ಅಲ್ಲ' ಎಂದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ.

ಈಗ ಊರಿನ ಸಂಗತಿಗೆ ಬರುತ್ತೇನೆ. ಇದನ್ನು ಹಿಂದಿನ ಕಾಗದಗಳಲ್ಲಿ ಬರೆದಿರಲಿಲ್ಲ. ಬರೆದರೆ ನೀನು ಒಂದು ಪಕ್ಷ ಹಿಡಿಯಬೇಕಾಗುತ್ತದೆ ಎಂದು ಸುಮ್ಮನಿದ್ದೆ. ಗೇಣಿಗೆ ಗದ್ದೆ ಮಾಡುವವರು ತಾವು ಉಳುವ ಗದ್ದೆಗೆ ತಮ್ಮ ಹೆಸರು ಬರೆಸಿಕೊಳ್ಳಬಹುದು ಎಂದು ಕಾನೂನು ಬಂದಿದೆಯಲ್ಲ, ಅದಕ್ಕೆ ಹೊಸನಗರದ ಕಚೇರಿಯಲ್ಲಿ ಫಾರಂ ಕೊಡಬೇಕು. ನಮ್ಮ ಊರಿನವರು ಈ ತಿಂಗಳ ಇಪ್ಪತ್ತೈದರೊಳಗೆ ಕೊಡಬೇಕಂತೆ. ಜಯಪ್ಪ ಮೊದಲ ದಿನವೇ ಕೊಟ್ಟು ಬಂದ. ಅಂದಿನಿಂದ ಅವನು ಹೆಗಡೇರ ಅಂಗಳ ತುಳಿದರೂ ಜಗುಲಿ ಹತ್ತುವುದಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಹೋಗಿಬಂದರು. ಉಳಿದವನು ನಾನು. ನಮ್ಮ ಹೊಂಡದಗದ್ದೆ ನಿನಗೆ ಗೊತ್ತಲ್ಲ, ನಿನ್ನ ಅಜ್ಜ ಜೊಂಡು ಕಿತ್ತು ಗದ್ದೆ ಮಾಡಿದ್ದು. ಹೆಗಡೇರು ಎಷ್ಟೋ ಸಲ ಹೇಳಿದ್ದಾರೆ, 'ಹೊಂಡದಗದ್ದೆ ನಿಂದೇಯ ಕೆರಿಯಪ್ಪಾ, ನಮ್ಮಿಬ್ಬರ ಮಧ್ಯೆ ಕಾಗದ ಯಾಕೆ?' ಅವರು ಸುಳ್ಳು ಹೇಳುವವರಲ್ಲ. ಆದರೆ ಅವರಿಗೆ ಅರವತ್ತೆಂಟಾಯಿತು. ಶಿವಮೊಗ್ಗದ ಅವರ ಅಳಿಯ ದೀಪಾವಳಿಗೆ ಬಂದವನು ಬೂಟುಕಾಲಿನಲ್ಲಿ ನಮ್ಮ ಗದ್ದೆಯ ಅಂಚಿನ ಮೇಲೆ ಒಂದು ಸುತ್ತು ಹಾಕಿ, ಇಲ್ಲಿ ಬಾವಿ ಎಲ್ಲಿ ತೋಡಬಹುದು ಎಂದು ಆಳನ್ನು ಕೇಳಿದ. ನಾನು ಅಲ್ಲೇ ನಿಂತಿದ್ದೆ, ನನ್ನನ್ನು ಕೇಳಲಿಲ್ಲ.

ಹಾಗಾದರೆ ಹೋಗಿ ಸಹಿ ಹಾಕುವುದಕ್ಕೆ ಏನು ಧಾಡಿ ಎಂದು ನೀನು ಕೇಳಬಹುದು. ನಿನ್ನ ಅವ್ವ ಬಾಯಿಬಿಟ್ಟು ಕೇಳುವುದಿಲ್ಲ, ಪಾತ್ರೆ ತೊಳೆಯುವ ಸದ್ದಿನಲ್ಲೇ ಕೇಳುತ್ತಾಳೆ. ಮಗಳೇ, ನೀನು ಇಲ್ಲಿ ನಾಲ್ಕನೇ ಇಯತ್ತೆ ಮುಗಿಸಿದಾಗ ನಿನ್ನನ್ನು ಸಾಗರದ ತನ್ನ ತವರುಮನೆಯಲ್ಲಿ ಇಟ್ಟು ಓದಿಸಿದವರು ಮಹಾಲಕ್ಷ್ಮಮ್ಮ. ಹಿತ್ತಿಲ ಕಡೆಯ ಕೋಣೆಯೇ ಇರಲಿ, ಆದರೂ ಇಟ್ಟುಕೊಂಡರು. ನಿನಗೆ ವಿದೇಶಕ್ಕೆ ಹೋಗುವ ಪಾಸ್‌ಪೋರ್ಟ್ ಆಗಬೇಕಾದರೆ ದೊಡ್ಡವರೊಬ್ಬರು ಜಾಮೀನು ನಿಲ್ಲಬೇಕು ಎಂದಾಗ, ಆ ವಯಸ್ಸಿನಲ್ಲಿ ಹೆಗಡೇರು ನನ್ನ ಜೊತೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು ಸಹಿ ಹಾಕಿದರು. ಆ ಮನುಷ್ಯನ ಸಹಿ ಇರುವ ಕಾಗದ ಹಿಡಿದು ನೀನು ವಿಮಾನ ಹತ್ತಿದೆ. ಈಗ ಅವರಿಗೆ ಎದುರಾದ ಕಾಗದಕ್ಕೆ ನಾನು ಸಹಿ ಹಾಕಲೇ? ಜಯಪ್ಪ ನನ್ನನ್ನು, 'ಅಣ್ಣಾ, ನೀನು ಒಡೇರ ಮನೆ ಕಂಬ. ಕಂಬಕ್ಕೆ ಗದ್ದೆ ಯಾಕೆ ಬೇಕು' ಎಂದು ಅಂದಾಡಿದ. ಒಂದು ವಾರ ಅವನ ಜೊತೆ ಮಾತು ಬಿಟ್ಟೆ.

ಇಂಥ ಹೊತ್ತಿನಲ್ಲಿ ಹೆಗಡೇರಿಗೆ ಒಂದು ಹುಕಿ ಬಂತು, ನಿನ್ನ ಕತೆಯ ಮೇಲೆ ಒಂದು ತಾಳಮದ್ದಳೆ ಮಾಡಿಬಿಡುವ ಎಂದು. ನಿನ್ನ ಜೊತೆಯ ಐರ್ಲೆಂಡಿನ ಹುಡುಗಿಗೆ ತಾಳಮದ್ದಳೆ ಎಂದರೆ ಏನೆಂದು ಹೇಳಲು ಬರಲಿಲ್ಲ ಎಂದು ಬರೆದಿದ್ದೆಯಲ್ಲ, ಅವಳಿಗೆ ಹೀಗೆ ಹೇಳು: ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರ ಹಿಡಿದವನು ಕೂತಲ್ಲೇ ಆ ಪಾತ್ರವಾಗಿ ವಾದಿಸುತ್ತಾನೆ, ಅದಕ್ಕೆ ಅರ್ಥ ಹೇಳುವುದು ಎನ್ನುತ್ತೇವೆ. ನಿನ್ನ ಮನಸ್ಸು ಯಾವ ಪಕ್ಷದಲ್ಲಿದ್ದರೂ ಕೊಟ್ಟ ಪಾತ್ರವನ್ನು ಬಿಟ್ಟುಕೊಡುವ ಹಾಗಿಲ್ಲ. ಕೂಟ ಮುಗಿದ ಮೇಲೆ ಅಲ್ಲಿ ಆಡಿದ ಮಾತನ್ನು ಮನೆಗೆ ತೆಗೆದುಕೊಂಡು ಹೋಗುವ ಹಾಗೂ ಇಲ್ಲ. ಇಪ್ಪತ್ತು ವರ್ಷ ಹೆಗಡೇರ ಎದುರು ಕೂತು ಅರ್ಥ ಹೇಳಿದವನು ನಾನು. ಗದ್ದೆಯ ಅಂಚಿನಲ್ಲಿ ಅವರು ಒಡೆಯರು, ಆದರೆ ಮದ್ದಳೆಯ ಎದುರು ನಾವಿಬ್ಬರೂ ಒಂದೇ ಚಾಪೆಯವರು. ಇದು ಊರಿಗೆಲ್ಲ ಗೊತ್ತಿರುವ ಸಂಗತಿ.

ಒಂಬತ್ತು ದಿನದ ಹಿಂದೆ, ಭಾನುವಾರ ಊಟವಾದ ಮೇಲೆ ಕೂಟ ಇಟ್ಟುಕೊಂಡೆವು. ಕೋಣಂದೂರಿನಿಂದ ಭಾಗವತ ತಿಮ್ಮಣ್ಣನವರು ಬಂದರು. ಈ ಕತೆಗೆ ಪದವಿಲ್ಲ, ಹಳೆಯ ಧಾಟಿಗೆ ನಾನೇ ನಾಲ್ಕು ಮಾತು ಕೂಡಿಸುತ್ತೇನೆ ಎಂದು ಒಪ್ಪಿಕೊಂಡರು. ಹೆಗಡೇರು ಕ್ಯಾಪ್ಟನ್, ನಾನು ಎಲ್ವಿನ್ ಎಂದು ಎಲ್ಲರೂ ಎಣಿಸಿದ್ದೆವು. ಅದೇ ನನಗೆ ಬೆಳಿಗ್ಗೆಯಿಂದ ಚಿಂತೆ. ಅವರ ಎದುರು ಕೂತು ದಂಗೆಯ ಮಾತು ಹೇಗೆ ಆಡುವುದು, ಅದೂ ಈ ತಿಂಗಳಲ್ಲಿ? ಆದರೆ ಹೆಗಡೇರು ಕವಳ ಉಗಿದು ಬಂದು ಚಾಪೆಯ ಮೇಲೆ ಕೂತವರೇ, 'ನೀನು ಕ್ಯಾಪ್ಟನ್ ಆಗ ಕೆರಿಯಪ್ಪಾ. ಉಂಡ ಮನೆಯ ಜಂತಿ ಎಣಿಸಿದವನ ಪಕ್ಷ ಕಷ್ಟದ್ದು, ಅದನ್ನು ನಾನು ಹಿಡಿತೆ' ಎಂದರು. ಅಂಗಳದ ತುದಿಯಲ್ಲಿ ಒರಳುಕಲ್ಲಿನ ಮೇಲೆ ಕೂತಿದ್ದ ಜಯಪ್ಪ ಗಟ್ಟಿಯಾಗಿ ನಕ್ಕ. ನನಗೆ ಮಾತ್ರ ಬದುಕಿದೆಯಾ ಬಡಜೀವವೇ ಎನಿಸಿತು.

ನಾನು ಚೆನ್ನಾಗಿಯೇ ಶುರು ಮಾಡಿದೆ ಮಗಳೇ. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿ ಮಾಡಿದೆ. ಒಡೆದ ಹಡಗಿನಲ್ಲಿ ನೀನು ಅಳುತ್ತಿದ್ದೆ, ನಿನ್ನ ಹೆಸರು ನಿನಗೆ ಗೊತ್ತಿರಲಿಲ್ಲ, ಹೆಸರು ಕೊಟ್ಟವನು ನಾನು. ಅನ್ನ ಕೊಟ್ಟೆ, ಅಕ್ಷರ ಕೊಟ್ಟೆ, ನನ್ನ ಮಗ್ಗುಲಲ್ಲಿ ಪೀಠ ಕೊಟ್ಟೆ. ಆ ಆರು ಬೆರಳಿನವರು ನಿನಗೆ ಏನು ಕೊಟ್ಟರು ಎಂದು ಕೇಳಿದೆ. ಮಾತು ಹುಡುಕಬೇಕಾಗಿಯೇ ಬರಲಿಲ್ಲ, ನೀರು ಹರಿದ ಹಾಗೆ ಹರಿಯಿತು. ಜನ ತಲೆದೂಗಿದರು. ಅಕ್ಷರ ಕೊಟ್ಟೆ ಎನ್ನುವಾಗ ನಿನ್ನ ಮುಖ ಕಣ್ಣಿಗೆ ಬಂತು. ಆಗ ನನಗೆ ತಿಳಿಯಿತು, ಈ ಮಾತುಗಳು ಇಷ್ಟು ಸಲೀಸಾಗಿ ಬರುತ್ತಿರುವುದು ಯಾಕೆಂದರೆ ಎಷ್ಟೋ ದಿನದಿಂದ ನಾನು ಒಬ್ಬನೇ ಗದ್ದೆಯಲ್ಲಿ ನಡೆಯುವಾಗ ಇವನ್ನೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ. ಒಡೆಯರು ಒಂದು ದಿನವೂ ನನಗೆ ಅಂದಿರದ ಮಾತನ್ನು ಅವರ ಪರವಾಗಿ ನಾನೇ ನನಗೆ ಅಂದುಕೊಂಡಿದ್ದೆ.

ಹೆಗಡೇರು ಉತ್ತರಕ್ಕೆ ಅವಸರ ಮಾಡಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಶುರು ಮಾಡಿದರು. ಸ್ವಾಮಿ, ಋಣ ಇಲ್ಲವೆನ್ನಲಾರೆ, ಅದು ನಿನಗೂ ನನಗೂ ನಡುವಿನದು. ಅದಕ್ಕೆ ಈ ತಲೆ ಕೇಳು, ಬಗ್ಗಿಸುತ್ತೇನೆ. ಆದರೆ ಆ ನೆಲವನ್ನು ನಮ್ಮಿಬ್ಬರ ನಡುವೆ ಯಾಕೆ ತರುತ್ತೀಯೆ? ನಿನಗೆ ನಾನು ಸಲ್ಲಿಸಬೇಕಾದ ನಿಷ್ಠೆಯನ್ನು ಇನ್ನೊಬ್ಬರ ಬೆವರಿನಲ್ಲಿ ಸಲ್ಲಿಸಲೇ? ನೀನು ಆ ಗದ್ದೆಗೆ ಒಂದು ನಂಬರು ಕೊಟ್ಟೆ, ನೂರ ನಲವತ್ತೇಳು, ಮೂರನೇ ಹಿಸ್ಸೆ. ಉಳುವವರು ಅದಕ್ಕೊಂದು ಹೆಸರಿಟ್ಟರು. ನಂಬರು ಕೊಟ್ಟವನ ಗದ್ದೆಯೋ, ಹೆಸರಿಟ್ಟವನ ಗದ್ದೆಯೋ? ಇಲ್ಲಿ ಜನ ಹೋ ಎಂದು ನಕ್ಕರು. ಆಕಾಶದ ಗದ್ದೆಗೂ ಹಿಸ್ಸೆ ಬಂತಲ್ಲ ಎಂದು ತಿಮ್ಮಣ್ಣನವರು ತಾಳ ಕೆಳಗಿಟ್ಟು ಕಣ್ಣು ಒರೆಸಿಕೊಂಡರು. ನಗು ಇಳಿಯಲಿ ಎಂದು ಕಾದು ಹೆಗಡೇರು ಅದನ್ನೇ ಇನ್ನೊಮ್ಮೆ ಹೇಳಿದರು, ನೂರ ನಲವತ್ತೇಳು, ಮೂರನೇ ಹಿಸ್ಸೆ, ಹೇಳು ಸ್ವಾಮಿ, ಯಾರ ಗದ್ದೆ?

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಚಾಪೆಯ ಮೇಲೆ ಬಾಯಿ ಕಟ್ಟಿ ಕೂತೆ. ಬೇರೆ ಪ್ರಸಂಗವಾಗಿದ್ದರೆ ಯಾರು ಸೋಲಬೇಕೆಂದು ಪದವೇ ಹೇಳುತ್ತದೆ. ಇದರ ಕೊನೆ ನೀನು ಬರೆದಿಲ್ಲ, ತಿಮ್ಮಣ್ಣನವರ ಬಳಿ ಪದವಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಕೊನೆಗೆ ಹೆಗಡೇರೇ, ಸ್ವಾಮಿಯ ಮೌನವೇ ನನಗೆ ಅಪ್ಪಣೆ ಎಂದು ಕೈಮುಗಿದು, ಮಂಗಳ ಹಾಡಿ ಎಂದು ಭಾಗವತರಿಗೆ ಕಣ್ಣು ಮಾಡಿದರು. ನನ್ನ ಮಾನ ಉಳಿಸಿದರು. ಎಲ್ಲರಿಗೂ ಅವಲಕ್ಕಿ ಕೊಟ್ಟರು, ಚಾ ಕೊಟ್ಟರು.

ಮರುದಿನ ಜಯಪ್ಪ ರಿಪ್ಪನ್‌ಪೇಟೆಯ ಚಾದಂಗಡಿಯಲ್ಲಿ ಡಂಗುರ ಹೊಡೆದ. 'ಕೇಳಿದ್ರಾ, ಒಡೇರ ಬಾಯಲ್ಲೇ ಬಂತು, ಉಳುವವಂದೇ ಗದ್ದೆ ಅಂತ' ಎಂದು ಸಿಕ್ಕಸಿಕ್ಕವರಿಗೆ ಹೇಳಿದ. ಅದು ಹೆಗಡೇರ ಕಿವಿಗೆ ಬಿದ್ದು ಅವರು ಕೆಂಡವಾದರು. 'ಅರ್ಥ ಅಂದ್ರೆ ಅರ್ಥ. ಆಟ ಮುಗಿದ ಮೇಲೂ ಕಿರೀಟ ಹೊತ್ಕಂಡು ತಿರುಗ್ತ್ವಾ ಯಾರಾದ್ರೂ? ಅವಂಗೆ ಅಷ್ಟೂ ತಿಳೀತಿಲ್ಲೆ' ಎಂದು ಜಗುಲಿಯಲ್ಲಿ ಕೂಗಾಡಿದರು. ನಾನು ಅಲ್ಲೇ ಇದ್ದೆ, ಹೌದು ಒಡೇರೆ ಎಂದೆ. ನಿಯಮ ಅದೇ ತಾನೆ? ನಾನೂ ರಾಕ್ಷಸರ ಅರ್ಥ ಹೇಳಿ ಹೆಂಗಸರನ್ನು ಅಳಿಸಿ, ಮನೆಗೆ ಬಂದು ಇರುವೆ ತುಳಿಯಲು ಹೆದರಿದವನು. ಆದರೆ ಮಗಳೇ, ಒಳಗೆ ಒಂದು ಕಾಳಷ್ಟೂ ಇಲ್ಲದ್ದು ಅಷ್ಟು ಮೆಲ್ಲಗೆ, ಅಷ್ಟು ಸಮಾಧಾನದಲ್ಲಿ ಹೊರಗೆ ಬರುತ್ತದೆಯೇ? ಬಂದರೂ ಬರಬಹುದು, ಅವರು ದೊಡ್ಡ ಅರ್ಥಧಾರಿ. ಒಡೆಯನ ಮಾತನ್ನು ಗೇಣಿದಾರ ಆಡಿದ, ಗೇಣಿದಾರನ ಮಾತನ್ನು ಒಡೆಯ ಆಡಿದ. ಇದರಲ್ಲಿ ಯಾವುದು ಯಾರದ್ದು ಎಂದು ಯೋಚಿಸಿ ನನಗೆ ತಲೆ ಚಿಟ್ಟು ಹಿಡಿದಿದೆ.

ಇಷ್ಟರ ಮೇಲೆ ಸಹಿ ಹಾಕುತ್ತೇನೆ ಎಂದು ಮನಸ್ಸು ಮಾಡಿದರೂ ಆಗುವಂತಿಲ್ಲ. ಫಾರಮ್ಮಿನಲ್ಲಿ ಗದ್ದೆಯ ಸರ್ವೆ ನಂಬರು ಬರೆಯಬೇಕು. ಆ ಗದ್ದೆಯಲ್ಲಿ ಯಾವ ಮೂಲೆಯಲ್ಲಿ ಏಡಿ ತೂತು ಮಾಡುತ್ತದೆ, ಯಾವ ಅಂಚು ಮೊದಲು ಜರಿಯುತ್ತದೆ ಎಲ್ಲ ನನಗೆ ಗೊತ್ತು. ನಂಬರು ಗೊತ್ತಿಲ್ಲ, ನನ್ನ ಅಪ್ಪನಿಗೂ ಗೊತ್ತಿರಲಿಲ್ಲ. ಶಾನುಭೋಗರ ಮನೆಗೆ ಮೂರು ಸಲ ಹೋದೆ. ಮೂರು ಸಲವೂ ಪುಸ್ತಕ ಇಲ್ಲಿಲ್ಲ, ನಾಳೆ ಬಾ ಎಂದರು. ಹೆಗಡೇರ ಪೆಟ್ಟಿಗೆಯಲ್ಲಿ ಪಹಣಿ ಇರುತ್ತದೆ. ಆದರೆ ಅವರ ಗದ್ದೆಯನ್ನು ಅವರಿಂದ ಬಿಡಿಸಿಕೊಳ್ಳುವುದಕ್ಕೆ ಅವರನ್ನೇ ನಂಬರು ಕೇಳಲು ನನ್ನ ನಾಲಗೆ ಏಳುತ್ತದೆಯೇ? ನಿನ್ನನ್ನು ಕೇಳೋಣವೆಂದರೆ ಈ ಕಾಗದ ನಿನ್ನನ್ನು ಮುಟ್ಟಿ ನಿನ್ನ ಉತ್ತರ ಬರುವಷ್ಟರಲ್ಲಿ ಇಪ್ಪತ್ತೈದು ಕಳೆದು ಎಷ್ಟೋ ದಿನವಾಗಿರುತ್ತದೆ. ಅದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನನ್ನ ಮನಸ್ಸನ್ನು ಇಲ್ಲಿ ಯಾರ ಮುಂದೆ ಇಡಲಿ? ಇಟ್ಟರೆ ಅವರು ಅದನ್ನು ಒಂದು ಪಕ್ಷಕ್ಕೆ ಎಳೆದುಕೊಳ್ಳುತ್ತಾರೆ. ನೀನು ದೂರದಲ್ಲಿದ್ದೀಯ, ಅದೇ ಅನುಕೂಲ.

ಹೊಟ್ಟೆ ತುಂಬ ಉಣ್ಣು. ರಾತ್ರಿ ಪಾಳಿ ಮುಗಿಸಿ ಹಗಲು ನಿದ್ದೆ ಮಾಡುವಾಗ ಕಿಟಕಿಗೆ ಬಟ್ಟೆ ಕಟ್ಟಿಕೋ ಎಂದು ಅವ್ವ ಹೇಳಿದ್ದಾಳೆ. ನಿನಗೆ ಒಳ್ಳೆಯ ಹುಡುಗನನ್ನು ನೋಡಬೇಕು ಎಂಬ ಮಾತನ್ನೂ ಬರೆಯಲು ಹೇಳಿದಳು, ಬರೆದಿದ್ದೇನೆ, ಇಲ್ಲಿಗೆ ನನ್ನ ಕೆಲಸ ಮುಗಿಯಿತು. ಮಹಾಲಕ್ಷ್ಮಮ್ಮ ಕೂಸು ತೆಳ್ಳಗಾಗಿದ್ದಾಳೋ ಏನೋ ಎಂದು ಹಲುಬುತ್ತಿರುತ್ತಾರೆ, ಒಂದು ಫೋಟೋ ಕಳಿಸು. ಐರ್ಲೆಂಡಿನ ಹುಡುಗಿಗೆ ನಮ್ಮ ನೆನಪು ಹೇಳು. ಊರ ಮಾರಿಕಾಂಬೆ ನಿನ್ನನ್ನು ಎಲ್ಲಿದ್ದರೂ ಕಾಯಲಿ.

ನಿನ್ನ ಅಪ್ಪ,
ಕೆರಿಯಪ್ಪ

ಕಡೆಯ ಮಾತು: ಇವತ್ತು ಶುಕ್ರವಾರ, 24ನೇ ತಾರೀಕು. ಟಪಾಲು ಬಸ್ಸಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಕಾಗದ ಹತ್ತು ದಿನ ಮಾಡಿನ ಸಂದಿಯಲ್ಲೇ ಇತ್ತು. ಬುಧವಾರ ಹೆಗಡೇರ ಅಳಿಯ ಮತ್ತೆ ಬಂದು ಹೊಂಡದಗದ್ದೆಯಲ್ಲಿ ಬಾವಿಗೆಂದು ನಾಲ್ಕು ಗೂಟ ಹೊಡೆಸಿದ. ಅವ್ವ ಗೂಟ ನೋಡಿ ಬಂದಳು. ನಿನ್ನೆ ಬೆಳಿಗ್ಗೆ ನನ್ನ ಒಗೆದ ಅಂಗಿ ತಂದು ಮುಂದೆ ಇಟ್ಟಳು. ಹೊಸನಗರಕ್ಕೆ ಹೋದೆ. ಗುಮಾಸ್ತ, 'ಸರ್ವೆ ನಂಬರ್ ಎಷ್ಟ್ರೀ' ಎಂದು ತಲೆ ಎತ್ತದೆ ಕೇಳಿದ. ಹಿಂದೆ ಜನ ನೂಕುತ್ತಿದ್ದರು. ನನ್ನ ಬಾಯಿಗೆ ಬೇರೆ ಯಾವ ನಂಬರೂ ಬರಲಿಲ್ಲ, ನೂರ ನಲವತ್ತೇಳು, ಮೂರನೇ ಹಿಸ್ಸೆ ಎಂದುಬಿಟ್ಟೆ. ಅವನು ಪುಸ್ತಕ ತಿರುವಿದ, ಬೆರಳಿಟ್ಟು ನೋಡಿದ. 'ಸರಿ ಅದೆ. ಹೊಂಡದಗದ್ದೆ. ಇಲ್ಲಿ ಸಹಿ ಹಾಕಿ' ಎಂದ. ಅವನ ಬೆರಳಿನ ಕೆಳಗಿನ ಸಾಲನ್ನು ನಾನೂ ಬಗ್ಗಿ ಓದಿದೆ ಮಗಳೇ. ಸಹಿ ಹಾಕಿದೆ.

ಬಸ್ಸಿಳಿದು ಬರುವಾಗ ಹೆಗಡೇರು ಜಗುಲಿಯಲ್ಲೇ ಇದ್ದರು. 'ಹೊಸನಗರಕ್ಕೆ ಹೋಗಿದ್ಯಾ' ಎಂದರು. ಹೌದು ಒಡೇರೆ ಎಂದೆ. ಹೂಂ ಎಂದು ಕವಳದ ತಟ್ಟೆ ನನ್ನ ಕಡೆ ನೂಕಿದರು. ನಾನು ಎಲೆಗೆ ಸುಣ್ಣ ಹಚ್ಚುವಾಗ, 'ಕೂಸಿನ ಕಾಗದ ಬಂತಾ? ಆ ಕ್ಯಾಪ್ಟನ್ ಕಡೆಗೆ ಎಂತ ಮಾಡ್ದ?' ಎಂದು ಕೇಳಿದರು. ಇನ್ನೂ ಬಂದಿಲ್ಲ ಎಂದೆ. ನಲವತ್ತು ವರ್ಷ ಆ ಪಹಣಿ ಓದಿದ ಬಾಯಿಂದ ಆ ನಂಬರು ಕೂಟದಲ್ಲಿ ಜಾರಿ ಬಿತ್ತೋ, ಅಥವಾ ನನಗೆಂದೇ ಹೇಳಿದರೋ? ಎರಡು ಸಲ ಹೇಳಿದರಲ್ಲ! ಆ ಕೊನೆಯ ಕಂತು ನೋಡಿದವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಕೇಳು. ಯಾರು ಗೆದ್ದರು, ಯಾರು ಸತ್ತರು ನನಗೆ ಬೇಡ. ಕೀಲಿಕೈಯನ್ನು ಕ್ಯಾಪ್ಟನ್ ಮರೆತನೋ, ಬೇಕೆಂದೇ ಬಿಟ್ಟನೋ, ಅದೊಂದನ್ನು ಬರೆ. ಹೇಗಿದ್ದರೂ ನಾನು ಹೆಗಡೇರ ಕಾಲಿಗೆ ಬೀಳುವವನೇ. ಬಿದ್ದಾಗ ತಪ್ಪಾಯಿತು ಎನ್ನಬೇಕೋ, ಉಪಕಾರವಾಯಿತು ಎನ್ನಬೇಕೋ ಅದು ಗೊತ್ತಾಗಬೇಕಲ್ಲ.